ತೀರ್ಥರೂಪರ ಗಾಜಿನ ಸಿರಿಂಜು

ಅಂಕೋಲೆಯ ನಮ್ಮ ಮನೆಯಲ್ಲಿ ತೀರ್ಥರೂಪರ ಮಧುಮೇಹಕ್ಕೆ ಇದ್ದುದು ಒಂದೇ ಗಾಜಿನ ಸಿರಿಂಜು. ಅಮ್ಮ ದಿನವೂ ಅದನ್ನು ಸೂಜಿಸಹಿತ ಕುದಿಸುತ್ತಿದ್ದಳು. ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದದ್ದೂ ಉಂಟು. 1922ರಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟಂದಿನಿಂದ ದಶಕಗಳ ಕಾಲ ಲೋಕದ ರೂಢಿ ಇದೇ. ಸೋಂಕಿನ ಭಯ ಪ್ಲಾಸ್ಟಿಕ್ ಸಿರಿಂಜನ್ನು ತಂದಿತು, ತಪ್ಪೆನ್ನಲಾರೆ.

ಈಗ ಕಾರವಾರದಲ್ಲಿರುವ ನನಗೂ ಅದೇ ವ್ಯಾಧಿ: ದಿನಕ್ಕೆರಡು ಸೂಜಿ, ವರ್ಷಕ್ಕೆ 730! ಆಸ್ಪತ್ರೆಯ ತ್ಯಾಜ್ಯಕ್ಕೆ 1998ರಲ್ಲೇ ನಿಯಮ ಬಂದಿತ್ತು. ಮನೆಯ ಸೂಜಿಯನ್ನೂ ಅಪಾಯಕಾರಿ ಕಸವೆಂದು ಹೆಸರಿಸಿದ್ದು 2016ರ ಘನತ್ಯಾಜ್ಯ ನಿಯಮ. ಅದಕ್ಕೂ ಮುನ್ನ ನಾನೆಸೆದ ಸೂಜಿಯೊಂದು ಕಸ ಒಯ್ಯುವಾಕೆಗೆ ಚುಚ್ಚಿತ್ತು. ಆಕೆ ಬೈಯಲಿಲ್ಲ, ಬೆರಳು ತೋರಿಸಿದಳು, ಅಷ್ಟೆ. ಅಂದಿನಿಂದ ಕಾರ್ಟ್ರಿಜ್ ಬದಲಿಸುವ ಪೆನ್ನು ಹಿಡಿದೆ. ಸಿರಿಂಜಿನ ಕಸ ತಪ್ಪಿತು. ಸೂಜಿಗಳು ಗಟ್ಟಿ ಡಬ್ಬಿಯಲ್ಲಿ ತುಂಬುತ್ತವೆ, ತುಂಬಿದ ಡಬ್ಬಿಯನ್ನು ಪರಿಚಿತ ದವಾಖಾನೆಗೆ ಒಯ್ದು ಕೊಡುತ್ತೇನೆ.