ಕನ್ನಡ ನಾಡಿನ ಜನಪದ ಹಾಡುಗಳ ಧ್ವನಿಮುದ್ರಣ

ಹಾಡುವವರ ಊರಿಗೇ ಹೋಗಿ, ಅವರ ದನಿಯನ್ನು ಯಂತ್ರದಲ್ಲಿ ಹಿಡಿದು, ಹಾಡಿದವರ ಹೆಸರು, ಸ್ಥಳ, ಸಂದರ್ಭಗಳನ್ನು ಬರೆದಿಟ್ಟು ಕಾಪಾಡುವ ಕೆಲಸವೇ ಕ್ಷೇತ್ರ ಧ್ವನಿಮುದ್ರಣ. ಕನ್ನಡ, ತುಳು, ಕೊಡವ ಭಾಷೆಗಳ ಜನಪದ ಹಾಡುಗಳನ್ನು ಸಂಗ್ರಹಿಸಲು ತೊಡಗಿ ನೂರೈವತ್ತು ವರ್ಷಗಳು ಕಳೆದಿವೆ. ಅದರ ಮೊದಲ ಅರ್ಧ ಹೆಚ್ಚುಕಡಿಮೆ ಪೂರ್ತಿ ಲೇಖನಿಯದು. ಯಂತ್ರ ಕೈಗೆ ಬಂದ ಮೇಲೂ ಪುಸ್ತಕವೇ ಗುರಿಯಾಗಿ ಉಳಿಯಿತು. ಟೇಪು ಬರೆದುಕೊಳ್ಳುವುದಕ್ಕೆ ಒದಗುವ ಸಾಧನವಾಯಿತೇ ಹೊರತು ತಾನೇ ಕಾಯ್ದಿಡಬೇಕಾದ ವಸ್ತುವಾಗಲಿಲ್ಲ. ಗ್ರಂಥಾಲಯಗಳಲ್ಲಿ ಜನಪದ ಗೀತೆಗಳ ಸಂಕಲನಗಳು ಕಪಾಟುಗಟ್ಟಲೆ ಸಿಗುತ್ತವೆ, ಅವನ್ನು ಹಾಡಿದ ದನಿಗಳು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಇದಕ್ಕೆ ಮುಖ್ಯ ಕಾರಣ ಈ ಅಭ್ಯಾಸವೇ.

ಚಾರ್ಲ್ಸ್ ಗೋವರ್ 1871ರಲ್ಲಿ ಮದರಾಸಿನಿಂದ ಹೊರತಂದ ದಕ್ಷಿಣ ಭಾರತದ ಜನಪದ ಹಾಡುಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡ, ಬಡಗ, ಕೊಡವ ಹಾಡುಗಳಿಗೆ ಜಾಗವಿದೆ. ಕನ್ನಡದ ಭಾಗದಲ್ಲಿರುವುದು ಹೆಚ್ಚಾಗಿ ದಾಸರ ಪದಗಳು. ಇಂದಿನ ವಿದ್ವಾಂಸರು ಅವನ್ನು ಜನಪದದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಸೆಲ್ ಮಿಷನ್ನಿನ ಆಗಸ್ಟ್ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ತುಳುವಿನ ಕಥನಗೀತೆಗಳಾದ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಶಾಸನತಜ್ಞರೆಂದು ಹೆಸರಾದ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಉತ್ತರ ಕರ್ನಾಟಕದ ಲಾವಣಿಗಳನ್ನು ಅನುವಾದ ಸಮೇತ ಪ್ರಕಟಿಸತೊಡಗಿದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ದಂಗೆ, ಸಂಗ್ಯಾನ ಕೊಲೆ, ಕೊನೆಗೆ ಆದಾಯ ತೆರಿಗೆಯ ಮೇಲೆ ಕಟ್ಟಿದ ಹಾಡು ಕೂಡ ಅವುಗಳಲ್ಲಿವೆ. ಕಂಪನಿ ಸರ್ಕಾರದ ವಿರುದ್ಧ ಎದ್ದವರ ಹಾಡುಗಳು ಅದೇ ಆಳ್ವಿಕೆಯ ಅಧಿಕಾರಿಯೊಬ್ಬರ ಕೈಯಿಂದ ಅಚ್ಚಿಗೆ ಹೋದವು. ರಾಗ, ತಾಳ, ದನಿ ಮಾತ್ರ ಲಾವಣಿಕಾರರೊಂದಿಗೇ ಹೋದವು.

ನಾಡಿನವರೇ ಕೈಹಾಕಿದ ಮೊದಲ ದೊಡ್ಡ ಕೆಲಸ ಕೊಡಗಿನದು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಕೊಡವ ಹಾಡುಗಳನ್ನೂ ಪದ್ಧತಿಗಳನ್ನೂ ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆಯರ ಗುಂಪು ‘ಗರತಿಯ ಹಾಡು’ ಸಂಕಲನವನ್ನು 1931ರಲ್ಲಿ ತಂದಾಗ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು ನವೋದಯದ ಕವಿಗಳ ಮೇಜಿನ ಮೇಲೆ ಬಂದು ಕುಳಿತವು. ಅರ್ಚಕ ಬಿ. ರಂಗಸ್ವಾಮಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹಳೆಯ ಮೈಸೂರು ಸೀಮೆಯಲ್ಲಿ ಇದೇ ದಾರಿ ಹಿಡಿದರು.

ಈ ಸಂಕಲನಗಳು ಇಲ್ಲದೆ ಕನ್ನಡ ಜಾನಪದ ಅಧ್ಯಯನವೇ ಇಲ್ಲ. ಆದರೂ ಲೇಖನಿ ಬಿಟ್ಟದ್ದೇನು ಎಂಬುದನ್ನು ನೋಡಬೇಕು. ತ್ರಿಪದಿ ಹಾಳೆಯ ಮೇಲೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲು ಮರಳಿ ಬಂದು, ಮೂರು ಸಾಲು ನಾಲ್ಕಾಗುತ್ತದೆ. ಮಾದೇಶ್ವರನ ಕಥೆ ಹೇಳುವ ದೇವರಗುಡ್ಡರಾಗಲಿ ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರಾಗಲಿ ಒಬ್ಬರೇ ಹಾಡುವುದಿಲ್ಲ. ಮುಂದಾಳು ಒಂದು ತುಂಡು ಹಾಡಿದರೆ ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ, ನಡುವೆ ಮಾತು ಬರುತ್ತದೆ, ‘ಹೌದಪ್ಪ’ ಎಂಬ ಹೂಂಗುಡುವಿಕೆ ಬರುತ್ತದೆ. ಬರೆದುಕೊಳ್ಳುವವನ ಕೈ ಸೋಲುವ ಮೊದಲ ಜಾಗ ಇದೇ. ಸೊಲ್ಲನ್ನು ಒಮ್ಮೆ ಬರೆದು ಉಳಿದೆಡೆ ಬಿಟ್ಟರು, ಮರಳಿ ಬಂದ ಸಾಲನ್ನು ಹೊಡೆದುಹಾಕಿದರು, ಬರೆಯಲು ಅನುವಾಗಲೆಂದು ಹಾಡುಗಾರರಿಂದ ನಿಧಾನವಾಗಿ ಬಾಯಲ್ಲಿ ಹೇಳಿಸಿದರು. ಹೀಗೆ ಹೇಳಿದಾಗ ಹಾಡು ತನ್ನ ಲಯ ಕಳೆದುಕೊಳ್ಳುತ್ತದೆ, ಎಷ್ಟೋ ಸಲ ಹಾಡುವವರಿಗೆ ಮುಂದಿನ ಸಾಲೇ ನೆನಪಾಗುವುದಿಲ್ಲ. ಹಾಡಿದವರ ಹೆಸರೂ ಆ ಕಾಲದ ಬಹುತೇಕ ಪುಸ್ತಕಗಳಲ್ಲಿ ಕಾಣುವುದಿಲ್ಲ. ‘ಗರತಿ’ ಎಂದರೆ ಎಲ್ಲ ಹೆಂಗಸರೂ ಆದರು, ಯಾವೊಬ್ಬಳೂ ಆಗಲಿಲ್ಲ.

ಹೊರದೇಶಗಳಲ್ಲಿ ಅಷ್ಟರಲ್ಲಿ ದನಿ ಹಿಡಿಯುವ ಯಂತ್ರ ಹಳತಾಗಿತ್ತು. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅಮೆರಿಕದ ಜೆ. ವಾಲ್ಟರ್ ಫ್ಯೂಕ್ಸ್ 1890ರಲ್ಲಿ ಅದನ್ನು ಮೇನ್ ರಾಜ್ಯಕ್ಕೆ ಒಯ್ದು ಪಾಸಮಾಕ್ವಾಡಿ ಜನರ ಹಾಡು, ಕಥೆಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದರು. ವಿಯೆನ್ನಾದಲ್ಲಿ 1899ರಲ್ಲಿ, ಬರ್ಲಿನ್ನಿನಲ್ಲಿ 1900ರಲ್ಲಿ ಧ್ವನಿ ಭಂಡಾರಗಳು ತೆರೆದವು. ಹಂಗೇರಿಯ ಬೇಲಾ ಬಾರ್ಟೋಕ್ ಮತ್ತು ಝೋಲ್ಟಾನ್ ಕೋದಾಯ್ 1906ರ ಹೊತ್ತಿಗೆ ಹಳ್ಳಿಗಳನ್ನು ಸುತ್ತುತ್ತಿದ್ದರು. ಒಂದು ಉರುಳೆಗೆ ಎರಡರಿಂದ ನಾಲ್ಕು ನಿಮಿಷ. ಪ್ರತಿ ಸಲ ಕೇಳಿದಾಗಲೂ ಮೇಣ ಸವೆಯುತ್ತಿತ್ತು, ಹೆರೆದರೆ ಮತ್ತೆ ಬಳಸಬಹುದಿತ್ತು. ಬರೆದುಕೊಂಡ ಮೇಲೆ ದನಿಯನ್ನು ಅಳಿಸುವ ಚಾಳಿಗೆ ಬೇರು ಇಲ್ಲಿಯೇ ಇದೆ.

ಭಾರತದಲ್ಲಿ ಸರ್ಕಾರ ಮಾಡಿಸಿದ ದೊಡ್ಡ ದಾಖಲೆ ಹಾಡಿಗಾಗಿ ನಡೆದದ್ದಲ್ಲ, ಭಾಷೆಗಾಗಿ ನಡೆದದ್ದು. ಜಾರ್ಜ್ ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯ ಅಂಗವಾಗಿ 1913ರಿಂದ 1929ರವರೆಗೆ ಪ್ರಾಂತೀಯ ಸರ್ಕಾರಗಳು ಗ್ರಾಮಫೋನ್ ತಟ್ಟೆಗಳನ್ನು ಮಾಡಿಸಿದವು. ಬೈಬಲ್ಲಿನ ದುಂದುಗಾರ ಮಗನ ಸಾಮತಿಯನ್ನು ಆಯಾ ಭಾಷೆಯವರಿಂದ ಓದಿಸುವುದು ಕ್ರಮ. ಜೊತೆಗೆ ಕಥೆಯೋ ಹಾಡೋ ಇರುತ್ತಿದ್ದುದೂ ಉಂಟು. ಮದರಾಸು ಪ್ರಾಂತದ ತಟ್ಟೆಗಳಲ್ಲಿ ಕನ್ನಡವೂ ಸೇರಿದೆ. ಇವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ, ಅಂತರಜಾಲದಲ್ಲೂ ಕೇಳಸಿಗುತ್ತವೆ.

ಹಾಡನ್ನೇ ಹುಡುಕಿಕೊಂಡು ದಕ್ಷಿಣಕ್ಕೆ ಬಂದವರು ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ. ಶಾಂತಿನಿಕೇತನದ ಒಡನಾಟವಿದ್ದ ಅವರು 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಭಾಗಗಳಲ್ಲಿ ಸುತ್ತಿ ಧ್ವನಿಯನ್ನೂ ಮೂಕಿಚಿತ್ರಗಳನ್ನೂ ದಾಖಲಿಸಿದರು. ಅವರ ಬಳಿಯಿದ್ದದ್ದು ಫಿಲ್ಮ್ ಪಟ್ಟಿಯ ಮೇಲೆ ಗೀರು ಕೊರೆದು ದನಿ ಹಿಡಿಯುವ ಟೆಫಿ ಯಂತ್ರ. ಮೇಣದ ಉರುಳೆಗಿಂತ ಎಷ್ಟೋ ಹೆಚ್ಚು ಹೊತ್ತು ನಿಲ್ಲದೆ ಓಡುತ್ತಿತ್ತು. ನಲವತ್ತಾರು ವರ್ಷಗಳ ಮೇಲೆ, 1984ರಲ್ಲಿ, ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಿಕೆಗಳ ಪ್ರತಿ ಹಿಡಿದು ಅದೇ ಊರುಗಳಿಗೆ ಬಂದು, ಹಾಡಿದವರ ಮುಂದಿನ ಪೀಳಿಗೆಗೆ ಕೇಳಿಸಿದರು. ಏನು ಉಳಿದಿದೆ, ಏನು ಬದಲಾಗಿದೆ ಎಂದು ಹಾಡುಗಾರರ ಬಾಯಿಂದಲೇ ತಿಳಿಯುವ ಈ ಮರುಭೇಟಿಯ ಪದ್ಧತಿ ಮುದ್ರಿಕೆ ಉಳಿದಿದ್ದರಷ್ಟೇ ಸಾಧ್ಯ. ಪುಸ್ತಕ ಹಿಡಿದು ಹೋಗಿ ಇದನ್ನು ಮಾಡಲಾಗುವುದಿಲ್ಲ.

ಸ್ವಾತಂತ್ರ್ಯದ ನಂತರ ಮೊದಲು ಕಾಲಿಟ್ಟದ್ದು ರೇಡಿಯೋ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾಯಿತು. ಹಳ್ಳಿಯ ಹಾಡುಗಾರರು ಸ್ಟುಡಿಯೋಕ್ಕೆ ಬಂದರು, ಸ್ಟುಡಿಯೋ ಆಗೀಗ ಹಳ್ಳಿಗೂ ಹೋಯಿತು. ಲಾಭ ದೊಡ್ಡದು: ತಮ್ಮೂರಿನ ಗೀಗೀ ಮೇಳ ನಾಡಿಗೆಲ್ಲ ಕೇಳಿಸಿತು. ನಷ್ಟವೂ ಇತ್ತು. ರಾತ್ರಿಯಿಡೀ ನಡೆಯುವ ಹಾಡಿಕೆ ಪ್ರಸಾರದ ನಿಮಿಷಗಳಿಗೆ ತಕ್ಕಂತೆ ಕತ್ತರಿಸಲ್ಪಟ್ಟಿತು. ಬೀಸುವ ಪದ ಕಲ್ಲಿನ ಸದ್ದಿಲ್ಲದೆ, ಹಂತಿ ಪದ ಎತ್ತು-ಕಣಗಳಿಲ್ಲದೆ ಕೇಳಿಸಿತು. ಸ್ಪೂಲ್ ಟೇಪು ದುಬಾರಿ ಸರಕು. ಪ್ರಸಾರ ಮುಗಿದ ಟೇಪನ್ನು ಅಳಿಸಿ ಮತ್ತೆ ಬಳಸುವುದು ಆಗ ರೇಡಿಯೋ ಲೋಕದಲ್ಲಿ ವಿಶೇಷವೇನಲ್ಲ.

ವಿಶ್ವವಿದ್ಯಾಲಯಗಳು ಇದೇ ಹೊತ್ತಿಗೆ ಎಚ್ಚೆತ್ತವು. ಬಿ.ಎಸ್. ಗದ್ದಗಿಮಠರು ಕನ್ನಡ ಜನಪದ ಗೀತೆಗಳ ಮೇಲೆ ಡಾಕ್ಟರೇಟ್ ಮಾಡಿದರು. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯ ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಕಾವ್ಯಗಳನ್ನು ಅಧ್ಯಯನದ ಮುನ್ನೆಲೆಗೆ ತಂದರು, ಪಿ.ಕೆ. ರಾಜಶೇಖರ 1973ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಪ್ರಕಟಿಸಿದರು. ಉತ್ತರ ಕನ್ನಡದಲ್ಲಿ ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಹಾಲಕ್ಕಿ, ಮುಕ್ರಿ, ಗಾಮೊಕ್ಕಲು ಮೊದಲಾದ ಸಮುದಾಯಗಳ ಹಾಡುಗಳಿಗೆ ಬದುಕನ್ನೇ ಕೊಟ್ಟರು. ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಅಂಕೋಲದ ಸುಕ್ರಿ ಬೊಮ್ಮಗೌಡ 2017ರಲ್ಲಿ ಪದ್ಮಶ್ರೀ ಪಡೆದದ್ದು ಈ ಪ್ರದೇಶದಿಂದಲೇ.

ದನಿಗೆ ಪುಸ್ತಕದಷ್ಟೇ ಬೆಲೆ ಕೊಟ್ಟವರಲ್ಲಿ ಎಚ್.ಎಲ್. ನಾಗೇಗೌಡರನ್ನು ಮೊದಲು ಹೇಳಬೇಕು. ಆಡಳಿತಾಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಊರೂರು ಸುತ್ತಿ ಹಾಡು, ಕುಣಿತಗಳನ್ನು ಟೇಪು, ವಿಡಿಯೋಗಳಲ್ಲಿ ದಾಖಲಿಸಿದರು. ರಾಮನಗರದ ಬಳಿ ಹದಿನೈದು ಎಕರೆಯಲ್ಲಿ 1994ರಲ್ಲಿ ತೆರೆದ ಜಾನಪದ ಲೋಕ ಆ ಸಂಗ್ರಹದ ನೆಲೆ. ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಅವರ ಪುಸ್ತಕದ ಹೆಸರನ್ನು ಗಮನಿಸಿ: ಹಾಡಿದಾಕೆ ಮುಖಪುಟಕ್ಕೆ ಬಂದಿದ್ದಾಳೆ. ಟೇಪಿನ ಗುಣವೇ ಅದು. ಒಂದು ದನಿಯನ್ನು ಮತ್ತೆ ಮತ್ತೆ ಕೇಳಿದವರಿಗೆ ಆ ದನಿ ಯಾರದೆಂಬುದನ್ನು ಮರೆಯುವುದು ಸುಲಭವಲ್ಲ.

ತುಳುನಾಡಿನಲ್ಲಿ ಕೆಲಸ ಬೇರೆ ಮಟ್ಟಕ್ಕೆ ಹೋಯಿತು. ಅಮೆರಿಕದ ಪೀಟರ್ ಕ್ಲಾಸ್ 1960ರ ದಶಕದಿಂದಲೇ ಪಾಡ್ದನಗಳ ಬೆನ್ನು ಹತ್ತಿದ್ದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಜನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರವನ್ನು ನಡೆಸಿದರು. ಫಿನ್‌ಲೆಂಡಿನ ಲೌರಿ ಹೊಂಕೊ, ಅನೇಲಿ ಹೊಂಕೊ ಇವರೊಂದಿಗೆ ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಸೇರಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ, ಸಿರಿ ಎಂಬ ಆರಾಧ್ಯ ನಾಯಕಿಯ ಕಥೆಯಾದ ತುಳು ಸಿರಿ ಕಾವ್ಯವನ್ನು ಪೂರ್ತಿಯಾಗಿ ಹಾಡಿಸಿ ದಾಖಲಿಸಿದರು. ಅಚ್ಚಾದಾಗ ಅದು 15,683 ಸಾಲುಗಳಾಯಿತು; ಹೆಲ್ಸಿಂಕಿಯಿಂದ 1998ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಹೊರಬಂತು.

ಈ ದಾಖಲೆ ಎಬ್ಬಿಸಿದ ಪ್ರಶ್ನೆ ಅದರ ಗಾತ್ರಕ್ಕಿಂತ ದೊಡ್ಡದು. ಸಿರಿ ಜಾತ್ರೆಯ ರಾತ್ರಿ ಕಾವ್ಯವನ್ನು ಪೂರ್ತಿ ಹಾಡುವುದಿಲ್ಲ; ಸಿರಿ ಮೈಮೇಲೆ ಬಂದ ಹೆಂಗಸರ ಮಾತು, ಅಳು, ನಡುನಡುವಿನ ಹಾಡು ಎಲ್ಲ ಕೂಡಿಕೊಂಡಿರುತ್ತದೆ. ಗದ್ದೆಯಲ್ಲಿ ನೇಜಿ ನೆಡುವಾಗ ಅದೇ ಕಥೆ ಬೇರೆ ಅಳತೆಯಲ್ಲಿ ಬರುತ್ತದೆ. ಯಂತ್ರದ ಮುಂದೆ, ಹೊತ್ತಿನ ಹಂಗಿಲ್ಲದೆ, ಕೇಳುವ ವಿದ್ವಾಂಸರ ಎದುರು ಹಾಡಿದ್ದು ಎಲ್ಲಕ್ಕಿಂತ ಉದ್ದವಾಯಿತು. ಹಾಗಾದರೆ ದಾಖಲಾದದ್ದು ಇದ್ದ ಕಾವ್ಯವೋ, ದಾಖಲಿಸುವಾಗ ಹುಟ್ಟಿದ ಕಾವ್ಯವೋ? ಗಾಯಕನ ಮನಸ್ಸಿನಲ್ಲಿ ಕಥೆಯ ಒಂದು ಪಠ್ಯ ಸದಾ ಇರುತ್ತದೆ, ಪ್ರತಿ ಹಾಡಿಕೆಯೂ ಸಂದರ್ಭಕ್ಕೆ ತಕ್ಕ ಅದರ ಒಂದು ರೂಪ ಎಂಬುದು ಹೊಂಕೊ ಅವರ ಉತ್ತರ. ಇದನ್ನು ಒಪ್ಪದವರೂ ಒಂದು ಮಾತು ಒಪ್ಪಬೇಕು: ದಾಖಲೆಯ ಸನ್ನಿವೇಶವನ್ನು ಇಷ್ಟು ಬಿಡಿಸಿ ಬರೆದಿಟ್ಟದ್ದರಿಂದಲೇ ಅದರ ಮೇಲೆ ವಾದ ಮಾಡಲು ಸಾಧ್ಯವಾಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿಯೂ ಸೇರಿದಂತೆ ಮೌಖಿಕ ಮಹಾಕಾವ್ಯಗಳನ್ನು ಸಾಲಾಗಿ ಪ್ರಕಟಿಸಿದ್ದು ಈ ಅಲೆಯ ನಂತರವೇ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಬಂತು.

ವಿದ್ವತ್ತಿನ ಹೊರಗೆ ನಡೆದ ಸಂಗ್ರಹವನ್ನು ಇಂಥ ಚರಿತ್ರೆಗಳು ಬಿಡುವುದು ವಾಡಿಕೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ 1980ರ ದಶಕದಲ್ಲಿ ಹಳ್ಳಿಯ ಟೀ ಅಂಗಡಿಯವರೆಗೂ ಮುಟ್ಟಿತು. ಮಳವಳ್ಳಿ ಮಹದೇವಸ್ವಾಮಿ ಅವರಂಥ ತಂಬೂರಿ ಕಥೆಗಾರರ ಹಾಡಿಕೆ ಕ್ಯಾಸೆಟ್ಟುಗಳಾಗಿ ಸಂತೆ, ಜಾತ್ರೆಗಳಲ್ಲಿ ಮಾರಾಟವಾಯಿತು. ಮಾರುಕಟ್ಟೆಯ ಮುದ್ರಣದಲ್ಲಿ ಪಕ್ಕವಾದ್ಯ ಹೆಚ್ಚಿತು, ಕಥೆ ಕ್ಯಾಸೆಟ್ಟಿನ ಬದಿಗಳಿಗೆ ಹೊಂದಿಕೊಂಡಿತು, ನಿಜ. ಆದರೂ ಸೊಲ್ಲು, ಹೂಂಗುಡುವಿಕೆ, ಕಥೆಗಾರನ ಕೀಟಲೆ ಮಾತು ಇವೆಲ್ಲ ಅಲ್ಲಿ ಉಳಿದವು. ಎಷ್ಟೋ ಸಂಪಾದಿತ ಪಠ್ಯಗಳಲ್ಲಿ ಅವು ಇಲ್ಲ. ದೇವರಪೂಜೆಯ ದಿನ ಮನೆಯಲ್ಲಿ ಹಾಕಿ ಕೇಳುವ ವಸ್ತುವಾದ್ದರಿಂದ ಜನ ಅವನ್ನು ಜೋಪಾನವಾಗಿಟ್ಟುಕೊಂಡರು. ಯಾವ ಸಂಸ್ಥೆಯೂ ಇವನ್ನು ಮುತುವರ್ಜಿಯಿಂದ ಕೂಡಿಹಾಕದಿದ್ದರೆ ಅದು ದೊಡ್ಡ ಲೋಪ.

ಉಳಿಸುವುದೇ ಈಗ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ಕಾಂತಪಟ್ಟಿಯಲ್ಲಿ ದನಿ ಇರುವುದು ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಲೋಹದ ಆಕ್ಸೈಡ್ ಪುಡಿಯಲ್ಲಿ. ತೇವಕ್ಕೆ ಆ ಅಂಟು ಕರಗಿ ಟೇಪು ಜಿಗುಟಾಗುತ್ತದೆ, ಓಡಿಸಿದರೆ ಪುಡಿಯೇ ಕಳಚಿ ಬರುತ್ತದೆ. ಹಳೆಯ ಅಸಿಟೇಟ್ ಟೇಪು ಹುಳಿವಾಸನೆ ಬಿಟ್ಟು ಮುರಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಟೇಪು ನೆಟ್ಟಗಿದ್ದರೂ ಅದನ್ನು ಓಡಿಸುವ ಯಂತ್ರವಾಗಲಿ, ರಿಪೇರಿ ಬಲ್ಲವರಾಗಲಿ ಸಿಗುವುದು ಅಪರೂಪ. ಡಿಜಿಟಲ್‌ಗೆ ತಿರುಗಿಸುವುದೊಂದೇ ದಾರಿ. ಸಂರಕ್ಷಣೆಯ ದರ್ಜೆಯಲ್ಲಿ, ಎಂದರೆ 96 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ, ಒಂದು ಗಂಟೆಯ ಸ್ಟೀರಿಯೋ ಧ್ವನಿಗೆ ಸುಮಾರು 2 ಗಿಗಾಬೈಟ್ ಜಾಗ ಬೇಕು. ಪ್ರತಿಗಳು ಒಂದಕ್ಕಿಂತ ಹೆಚ್ಚಿರಬೇಕು, ಬೇರೆ ಬೇರೆ ಊರುಗಳಲ್ಲಿರಬೇಕು, ಕೆಲವು ವರ್ಷಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ಸಾಗಬೇಕು. ಡಬ್ಬಿಯ ಮೇಲೆ ‘ಸೋಬಾನೆ, ಭಾಗ 2’ ಎಂದಷ್ಟೇ ಬರೆದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನ ಅರ್ಧ. ಯಾರು, ಯಾವ ಊರು, ಯಾರಿಂದ ಕಲಿತರು, ಯಾವ ಹೊತ್ತಿನ ಹಾಡು ಎಂಬ ವಿವರವಿಲ್ಲದ ದನಿಯನ್ನು ಹಾಡಿದವರ ಊರಿಗೆ ತಿರುಗಿ ತಲುಪಿಸಲಾಗದು.

ಹಕ್ಕಿನ ವಿಚಾರ ತಡವಾಗಿ ಬಂದದ್ದು. ಸಂಕಲನಗಳ ಹಕ್ಕುಸ್ವಾಮ್ಯ ದಶಕಗಳ ಕಾಲ ಸಂಪಾದಕರದೋ ಪ್ರಕಾಶಕರದೋ ಆಗಿತ್ತು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೂ ಪ್ರತ್ಯೇಕ ಹಕ್ಕು ಕೊಟ್ಟಿತು. ಗಾಯಕರಿಂದ ಹಿಡಿದು ಹಾವಾಡಿಗರವರೆಗೆ ಅದರ ವ್ಯಾಖ್ಯೆಯೊಳಗಿದ್ದಾರೆ, ಈಗ ಅದರ ಅವಧಿ 50 ವರ್ಷ. ಒಬ್ಬ ಹಾಡುಗಾರ್ತಿಗೆ ಇದು ಅನ್ವಯಿಸುತ್ತದೆ. ಹಾಡು ಇಡೀ ಸಮುದಾಯದ್ದಾಗಿದ್ದರೆ ಏನೆಂಬುದಕ್ಕೆ ಕಾಯ್ದೆಯಲ್ಲಿ ನೇರ ಉತ್ತರವಿಲ್ಲ. ಮಾದೇಶ್ವರನ ಕಥೆ ದೇವರಗುಡ್ಡರ ಒಕ್ಕಲಿನ ಸೊತ್ತು, ಸಿರಿಯ ಕಥೆ ಆಲಡೆ ಎಂಬ ಸಿರಿ ಆರಾಧನೆಯ ತಾಣದ ಆಚರಣೆಯ ಭಾಗ. ಇವನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದವರು ಯಾರ ಒಪ್ಪಿಗೆ ಕೇಳಬೇಕೆಂಬುದು ಇತ್ಯರ್ಥವಾಗಿಲ್ಲ. ಜೈರಾಜ್‌ಭಾಯ್ 1982ರಲ್ಲಿ ಸ್ಥಾಪಿಸಿದ, ಈಗ ಗುರುಗ್ರಾಮದಲ್ಲಿರುವ ಜನಾಂಗಸಂಗೀತ ಸಂಶೋಧನಾ ಭಂಡಾರದಲ್ಲಿ ಮುದ್ರಿಕೆಗಳನ್ನು ಒಪ್ಪಿಸುವವರ ಜೊತೆ ಕರಾರು ಮಾಡಿಕೊಳ್ಳುವ ಕ್ರಮವಿದೆ: ಭಂಡಾರ ಕಾಯುತ್ತದೆ, ಹಕ್ಕು ಭಂಡಾರದ್ದಾಗುವುದಿಲ್ಲ. ಕರ್ನಾಟಕದ ಸಂಗ್ರಹಗಳಲ್ಲಿ ಹಳೆಯ ಟೇಪುಗಳ ಬಹುಪಾಲು ಇಂಥ ಯಾವ ಕಾಗದವೂ ಇಲ್ಲದ ಕಾಲದ್ದು. ಅವನ್ನು ಹೊರಗೆ ಕೇಳಿಸುವ ಮುನ್ನ ಹಾಡಿದವರನ್ನೋ ಅವರ ಮಕ್ಕಳನ್ನೋ ಹುಡುಕಿಕೊಂಡು ಹೋಗಬೇಕಾಗುತ್ತದೆ.