ಟೀವಿಗೆ ಜೋಡಿಸುತ್ತಿದ್ದ ಕಂಪ್ಯೂಟರ್

ಟಿಕೋಟಾ, ಬಬಲೇಶ್ವರದ ಕಡೆಯ ನಮ್ಮ ಹೆಚ್ಚಿನ ರೈತರಿಗೆ ಕಂಪ್ಯೂಟರಿನ ಪರಿಚಯವಾದದ್ದು ಉತಾರದ ಮೂಲಕ. 2018ರಲ್ಲಿ ತಾಲೂಕುಗಳಾಗುವ ಮೊದಲು ಈ ಎರಡೂ ಊರುಗಳು ವಿಜಾಪುರ ತಾಲೂಕಿನಲ್ಲಿದ್ದವು. 2000ದ ನಂತರ ‘ಭೂಮಿ’ ಯೋಜನೆ ಬಂದಾಗ, ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಯಂತ್ರ ಕನ್ನಡದಲ್ಲೇ ಉತಾರ ಮುದ್ರಿಸಿ ಕೊಡತೊಡಗಿತು.

ಅಷ್ಟರಲ್ಲಿ ಬಡವರ ಕಂಪ್ಯೂಟರ್ ಎಂಬ ಕನಸಿಗೆ ಇಪ್ಪತ್ತು ವರ್ಷ ತುಂಬಿತ್ತು. 1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನ ಚಿಕ್ಕ ಮಾದರಿಗೆ 125 ಪೌಂಡ್ ಬೆಲೆ, 16 ಕಿಲೋಬೈಟ್ ಸ್ಮರಣೆ. ಮನೆಯ ಟೀವಿಯೇ ಪರದೆ, ಹಾಡು ಕೇಳುವ ಟೇಪ್ ರೆಕಾರ್ಡರೇ ಉಗ್ರಾಣ. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಎಂದರೆ ಕಿವಿ ಕೊರೆಯುವ ಕೀರಲು ಸದ್ದು. ಅದು ಯಂತ್ರಕ್ಕೆ ಇಳಿಯುವವರೆಗೆ ನಿಮಿಷಗಟ್ಟಲೆ ಕಾಯಬೇಕು. ಹವ್ಯಾಸಿಗಳು ಪತ್ರಿಕೆಯಲ್ಲಿ ಅಚ್ಚಾದ ಬೇಸಿಕ್ ಸಾಲುಗಳನ್ನು ತಾವೇ ಟೈಪಿಸುತ್ತಿದ್ದರು. ಒಂದು ಚಿಹ್ನೆ ತಪ್ಪಿದರೂ ಸಾಕು, ಸಂಜೆಯ ಶ್ರಮವೆಲ್ಲ ನೀರಲ್ಲಿ ಹೋಮ. ಭಾರತದಲ್ಲಿ 1984ರ ‘ಕ್ಲಾಸ್’ ಯೋಜನೆ ಬಿಬಿಸಿ ಮೈಕ್ರೊ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ತಲುಪಿಸಿತು.

ಆದರೆ ಈ ಅಗ್ಗದ ಯಂತ್ರಗಳಿಗೆ ಹುಟ್ಟಿನಿಂದ ಬರುತ್ತಿದ್ದುದು ಇಂಗ್ಲಿಷ್ ಅಕ್ಷರ ಮಾತ್ರ. ಸ್ಪೆಕ್ಟ್ರಮ್‌ನಲ್ಲಿ ನಾವೇ ಬಿಡಿಸಿಕೊಳ್ಳಬಹುದಾದ ಅಕ್ಷರ 21. ಒಂದೊಂದಕ್ಕೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಕನ್ನಡದ ವರ್ಣಮಾಲೆಗೇ 49 ಬೇಕು, ಕಾಗುಣಿತ, ಒತ್ತಕ್ಷರ ಬೇರೆ. ‘ಸ್ತ್ರೀ’ ಎಂದು ಬರೆಯಲು 64 ಚುಕ್ಕೆ ಎಲ್ಲಿ ಸಾಲಬೇಕು? ಉರ್ದುವಿನ ಪಾಡೂ ಅಷ್ಟೆ. ಒಂದರ ಹೆಗಲ ಮೇಲೊಂದು ಇಳಿದು ಬರುವ ನಸ್ತಾಲೀಖ್ ಅಕ್ಷರಗಳು ಆ ಚೌಕದಲ್ಲಿ ಕೂರುವುದೇ ಇಲ್ಲ. ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹವನ್ನೇ ನಂಬಿದ್ದವು. ಹೀಗಾಗಿ ಅಗ್ಗ ಎಂಬ ಮಾತು ಇಂಗ್ಲಿಷ್ ಬಲ್ಲವನಿಗಷ್ಟೇ ನಿಜವಾಗಿತ್ತು. ಮನೆಯ ಕಂಪ್ಯೂಟರಿಗೆ ಕನ್ನಡ ಉಚಿತವಾಗಿ ಸಿಕ್ಕದ್ದು 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದ ಮೇಲೆ.

ಈ ಕೊರತೆಗೆ ನೇರ ಉತ್ತರ ಕೊಡಲು ಹೊರಟದ್ದು ಬೆಂಗಳೂರಿನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಅಂಗೈಯಗಲದ ಈ ಯಂತ್ರದ ಮಾದರಿ 2001ರಲ್ಲಿ ಹೊರಬಂತು. ಗುರಿಯ ಬೆಲೆ 9,000 ರೂಪಾಯಿಯ ಆಸುಪಾಸು. ಪರದೆ ಮುಟ್ಟಿದರೆ ಸಾಕು, ಓದು ಬಾರದವರಿಗೆ ಅದೇ ಕನ್ನಡದಲ್ಲಿ ಓದಿ ಹೇಳಬೇಕು. ಒಬ್ಬೊಬ್ಬರೂ ಕೊಳ್ಳಬೇಕಿಲ್ಲ, ಊರಿಗೊಂದು ಯಂತ್ರವಿದ್ದು, ತಂತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಎಲ್ಲರೂ ಬಳಸಬಹುದು. ನಮಗೆ ಇಂದಿಗೂ ಮೆಚ್ಚುಗೆಯಾಗುವುದು ಈ ಹಂಚಿಕೊಳ್ಳುವ ಲೆಕ್ಕಾಚಾರ.

2004ರಲ್ಲಿ ‘ಅಮಿಡ’ ಹೆಸರಿನಲ್ಲಿ ಅದು ಅಂಗಡಿಗೆ ಬಂದಾಗ ಕಪ್ಪುಬಿಳುಪು ಮಾದರಿಗೇ 9,950 ರೂಪಾಯಿ. ಮಾರಾಟವಾದದ್ದು ಕೆಲವು ಸಾವಿರ ಮಾತ್ರ. ಅಷ್ಟರಲ್ಲಿ ಮೊಬೈಲ್ ಅಗ್ಗವಾಗುತ್ತಿತ್ತು. ಮುಂಬಯಿಗೋ ಗೋವಾಕ್ಕೋ ದುಡಿಯಲು ಹೋದ ಮಗನೊಂದಿಗೆ ಮಾತಾಡಿಸುವ ಯಂತ್ರವಿರುವಾಗ, ಹಳ್ಳಿಯ ತಾಯಿ ಸಿಂಪ್ಯೂಟರನ್ನು ಏಕೆ ಕೇಳಿಯಾಳು?