ವಾರಕ್ಕೆ ಏಳು ದಿನ

ಹನ್ನೆರಡು ವಾರವೆಂದರೆ ಎಷ್ಟು ದಿನ? ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ತೋಟವೊಂದರಲ್ಲಿ ಈ ಲೆಕ್ಕಕ್ಕೆ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1967ರ ಡಿಸೆಂಬರಿನಲ್ಲಿ ಹೆತ್ತ ಕೂಲಿ ಹೆಂಗಸಿಗೆ ಆಡಳಿತದವರು ಹನ್ನೆರಡು ವಾರದ ಹೆರಿಗೆ ಭತ್ಯೆಯಲ್ಲಿ ಭಾನುವಾರಗಳನ್ನು ಕಳೆದು 72 ದಿನದ ಹಣ ಕೊಟ್ಟರು. ಆಕೆ 84 ದಿನದ್ದು ಕೇಳಿದಳು. ಭಾನುವಾರ ಕೂಲಿಯಿಲ್ಲದ ರಜೆ, ಅದಕ್ಕೆ ಹಣವೇಕೆ ಎಂಬುದು ತೋಟದವರ ವಾದ. 1977ರಲ್ಲಿ ನ್ಯಾಯಾಲಯ, ವಾರಕ್ಕೆ ಏಳು ದಿನವೇ ಎಂದಿತು. ಬಾಣಂತಿ ಬದುಕಿ ಉಳಿದರಷ್ಟೇ ಸಾಲದು, ಕಳೆದುಕೊಂಡ ಶಕ್ತಿ ಮರಳಬೇಕು, ಮಗುವಿಗೆ ಆರೈಕೆ ಸಿಗಬೇಕು. ಹೆರಿಗೆ ಭತ್ಯೆಯ ಕಾಯ್ದೆ ಇರುವುದು ಅದಕ್ಕೇ ಎಂದು ವಿವರಿಸಿತು.

ಹನ್ನೆರಡು ದಿನದ ಕೂಲಿ ಇತ್ಯರ್ಥವಾಗಲು ಹತ್ತಿರ ಹತ್ತಿರ ಹತ್ತು ವರ್ಷ!

ಬಾಣಂತಿಯ ಬಿಡುವಿಗೆ ದುಡ್ಡು ಯಾರು ಕೊಡಬೇಕು ಎಂಬ ಪ್ರಶ್ನೆ ಅದಕ್ಕಿಂತ ಹಳೆಯದು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬೆಂಬಲಿಸಿ ಮಾತಾಡಿದ ಅಂಬೇಡ್ಕರ್, ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಹಾಗಾಗಿ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಎಂದರು. ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನನ್ನೂ ಅವರು ಬಿಡಲಿಲ್ಲ. ಮರುವರ್ಷ ಕಾಯ್ದೆ ಬಂತು; ಹೊಣೆ ಮಾತ್ರ ಮಾಲೀಕನ ತಲೆಗೇ ಬಿತ್ತು. ಇಡೀ ದೇಶಕ್ಕೆಂದು ಬಂದ 1961ರ ಕಾಯ್ದೆಯೂ ಅದೇ ದಾರಿ ಹಿಡಿಯಿತು. ಎಲ್ಲ ಖರ್ಚೂ ತನ್ನದೇ ಎಂದಾದಾಗ ಮಾಲೀಕ ದಿನ ಎಣಿಸುತ್ತಾನೆ, ಇಲ್ಲವೇ ಹೆಂಗಸರನ್ನು ಕಾಯಂ ಪಟ್ಟಿಯಿಂದ ಹೊರಗಿಡುತ್ತಾನೆ.

ಹೊರಗಿಡುವ ಆಟದಲ್ಲಿ ಸರ್ಕಾರಿ ಸಂಸ್ಥೆಗಳೂ ಹಿಂದೆ ಬಿದ್ದಿರಲಿಲ್ಲ. ದೆಹಲಿ ಮಹಾನಗರ ಪಾಲಿಕೆಯಲ್ಲಿ ವರ್ಷಗಟ್ಟಲೆ ರಸ್ತೆ ಕೆಲಸ ಮಾಡಿದರೂ ಮಸ್ಟರ್ ರೋಲಿನಲ್ಲೇ, ಅಂದರೆ ದಿನಗೂಲಿ ಹಾಜರಿ ಪಟ್ಟಿಯಲ್ಲೇ, ಉಳಿದ ದಿನಗೂಲಿ ಮಹಿಳೆಯರಿಗೆ ಹೆರಿಗೆ ರಜೆ ಇರಲಿಲ್ಲ. ಅದು ಕಾಯಂ ನೌಕರರಿಗಷ್ಟೇ ಎಂದು ಪಾಲಿಕೆ ಪಟ್ಟು ಹಿಡಿದಿತ್ತು. 2000ದ ಮಾರ್ಚ್ 8ರಂದು, ಮಹಿಳಾ ದಿನದಂದೇ, ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ದಿನಗೂಲಿಯವಳ ಬಸಿರು ಬೇರೆಯಲ್ಲ, ನೋವೂ ಬೇರೆಯಲ್ಲ. ಇಷ್ಟನ್ನು ಹೇಳಿಸಿಕೊಳ್ಳಲು ಒಂದು ನಗರಾಡಳಿತಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತೆಂಬುದು ನಾಚಿಕೆಗೇಡು.

2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೇರಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಹೆಂಗಸರಿಗೆ ಈ ರಜೆಯ ಹಣ ವಿಮಾ ನಿಧಿಯಿಂದ ಬರುತ್ತದೆ. ಅದೇ ಊರಿನ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ 26 ವಾರವೂ ಇಲ್ಲ, ಹನ್ನೆರಡೂ ಇಲ್ಲ. ಹತ್ತು ಇಲ್ಲವೇ ಹೆಚ್ಚು ಜನ ಕೆಲಸಗಾರರಿರುವ ಅಂಗಡಿ, ಸಂಸ್ಥೆಗಳಿಗೆ ಅನ್ವಯಿಸುವ ಕಾಯ್ದೆ ಆಕೆ ದುಡಿಯುವ ಅಡುಗೆಮನೆಗಳಿಗೆ ಕಾಲಿಟ್ಟಿಲ್ಲ.